ಕಲ್ಲಿನಲ್ಲಿ ಸಂಖ್ಯೆ, ಪರದೆಯಲ್ಲಿ ಹೆಸರು: ಯುದ್ಧ ಸಮಾಧಿ ಆಯೋಗದ ಹುಡುಕಾಟ ಸೇವೆ ಎಷ್ಟು ಉಪಯೋಗ?

"ಜರ್ಮನ್ ಲಡಾಯಿಗೆ ಹೋದವರು ತಿರುಗಿ ಬರಲಿಲ್ಲ." ಕೊಡಗು, ಬೆಳಗಾವಿ, ಕೋಲಾರ, ಬೆಂಗಳೂರು ದಂಡಿನ ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ಬಗ್ಗೆ ಉಳಿದಿರುವುದು ಇಷ್ಟೇ. ಈ ಸಾಲಿನಿಂದ ಮುಂದಕ್ಕೆ ಹೋಗಲು ದುಡ್ಡಿಲ್ಲದೆ, ನೋಂದಣಿಯಿಲ್ಲದೆ ತೆರೆಯುವ ಮೊದಲ ಬಾಗಿಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿರುವ ಹುಡುಕಾಟ ಪುಟ. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ದಾಖಲೆ ಅಲ್ಲಿದೆ. ಆದರೆ ಫೋನ್ ಪುಸ್ತಕದಲ್ಲಿ ಹುಡುಕಿದ ಹಾಗೆ ಹೆಸರು ಬರೆದು ಒತ್ತಿದರೆ ಹತ್ತರಲ್ಲಿ ಎಂಟು ಸಲ ಬರಿಗೈ. ತಪ್ಪು ನಿಮ್ಮದಲ್ಲ. ಪಟ್ಟಿ ಹೇಗೆ ತಯಾರಾಯಿತು ಎಂಬುದು ತಿಳಿಯದೆ ಅದರೊಳಗೆ ಕಾಲಿಡುವುದು ಕಷ್ಟ.

ಆಯೋಗ ಹುಟ್ಟಿದ್ದು 1917ರ ಮೇ 21ರಂದು, ಇಂಪೀರಿಯಲ್ ಯುದ್ಧ ಸಮಾಧಿ ಆಯೋಗ ಎಂಬ ಹೆಸರಿನಲ್ಲಿ. ಈಗಿನ ಹೆಸರು 1960ರಿಂದ. ಖರ್ಚನ್ನು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮತ್ತು ಭಾರತ ಸರ್ಕಾರಗಳು ಹಂಚಿಕೊಳ್ಳುತ್ತವೆ. ಅಂದರೆ ನಮ್ಮ ತೆರಿಗೆಯ ಒಂದು ಪಾಲೂ ಇದರಲ್ಲಿದೆ, ಕೇಳುವ ಹಕ್ಕೂ ಇದೆ. ಆರಂಭದಲ್ಲೇ ಅದು ಹಾಕಿಕೊಂಡ ಕಟ್ಟಳೆ ದೊಡ್ಡದು: ಸತ್ತ ಪ್ರತಿಯೊಬ್ಬರಿಗೂ ಹೆಸರಿನ ಗುರುತು, ಅಧಿಕಾರಿ ಸಿಪಾಯಿ ಎಂಬ ಭೇದವಿಲ್ಲದೆ ಒಂದೇ ಅಳತೆಯ ಕಲ್ಲು. ಎತ್ತರ 81 ಸೆಂಟಿಮೀಟರ್, ಅಗಲ 38. ಈ ಕಟ್ಟಳೆ ಎಲ್ಲಿ ಉಳಿಯಿತು, ಎಲ್ಲಿ ಮುರಿಯಿತು ಎನ್ನುವುದು ಹುಡುಕುತ್ತಾ ಹೋದಂತೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮೊದಲ ಸಮಸ್ಯೆ ಕಾಗುಣಿತ. ಹೆಸರನ್ನು ಬರೆದವನು ಪಲ್ಟನ್ನಿನ ಗುಮಾಸ್ತ, ಕಿವಿಗೆ ಕೇಳಿಸಿದಂತೆ, ಇಂಗ್ಲಿಷ್ ಅಕ್ಷರದಲ್ಲಿ. 1915ರ ಮಾರ್ಚ್ 10ರಂದು ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಗಢವಾಲಿನ ರೈಫಲ್‌ಮನ್ ಗಬರ್ ಸಿಂಗ್ ನೇಗಿಯ ಹೆಸರು ಗೆಜೆಟ್‌ನಲ್ಲಿ ಅಚ್ಚಾದದ್ದು "ಗೋಬರ್ ಸಿಂಗ್" ಎಂದು. ಹಿಂದಿಯಲ್ಲಿ ಗೋಬರ್ ಎಂದರೆ ಸಗಣಿ, ಆ ಒಂದು ಸ್ವರದ ವ್ಯತ್ಯಾಸ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಸೇನೆಯ ಅತ್ಯುನ್ನತ ಪದಕ ಪಡೆದವನ ಹೆಸರಿಗೇ ಈ ಗತಿಯಾದರೆ ಮುನಿಸ್ವಾಮಿ, ವೆಂಕಟಪ್ಪ, ರಾಯಪ್ಪಂದಿರ ಹೆಸರು ಎಷ್ಟು ರೂಪ ತಾಳಿರಬಹುದು? ಮುನಿಸ್ವಾಮಿ ಒಂದಕ್ಕೇ ಮುನುಸಾಮಿ, ಮುನಿಸಾಮಿ, ಮೂನಿಸ್ವಾಮಿ ಎಲ್ಲವನ್ನೂ ಪ್ರಯತ್ನಿಸಬೇಕು. 'ವ' ಕಾರಕ್ಕೆ ವಿ ಮತ್ತು ಡಬ್ಲ್ಯೂ ಎರಡನ್ನೂ, ಕೊನೆಯ 'ಈ' ಗೆ ಐ ಮತ್ತು ವೈ ಎರಡನ್ನೂ ಹಾಕಿ ನೋಡಿ. ಹೆಸರಿನ ಮೊದಲ ನಾಲ್ಕೈದು ಅಕ್ಷರದಿಂದ ಹುಡುಕುವುದು ಪೂರ್ತಿ ಹೆಸರಿಗಿಂತ ಒಳ್ಳೆಯದು. ಇನ್ನೊಂದು: ನಮ್ಮವರಿಗೆ ಮನೆತನದ ಹೆಸರು ಎಂಬುದು ಬೇರೆ ಇರಲಿಲ್ಲ. ಒಂಟಿ ಹೆಸರಿನವರು ಸರ್‌ನೇಮ್ ಖಾನೆಯಲ್ಲೇ ಕೂತಿರುತ್ತಾರೆ. ಎರಡು ಪದದ ಹೆಸರೂ ಹಲವು ಸಲ ಪೂರ್ತಿಯಾಗಿ ಅಲ್ಲೇ ಇರುತ್ತದೆ. ಫೋರ್‌ನೇಮ್ ಖಾನೆ ಖಾಲಿ ಬಿಡಿ. ಅಲ್ಲಿ ಏನಾದರೂ ತುಂಬಿದಿರೋ, ಸಿಗಬೇಕಾದವರೂ ಕೈತಪ್ಪುತ್ತಾರೆ.

ಹೆಸರಿಗಿಂತ ಗಟ್ಟಿಯಾದ ಎಳೆ ನಂಬರು. ಅದು ಸಿಗುವುದು ಟ್ರಂಕಿನ ತಳದಲ್ಲಿ. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ: ನಂಬರು, ದರ್ಜೆ, ಹೆಸರು, ಪಲ್ಟನ್ ಇಷ್ಟೂ ಕೊರೆದಿರುತ್ತದೆ. ಅದರ ಜೊತೆಯ ಕಂಚಿನ ವಿಜಯ ಪದಕದಲ್ಲೂ ಅಂಚಿನಲ್ಲೇ. 1914-15ರ ನಕ್ಷತ್ರ ಪದಕದಲ್ಲಾದರೆ ಬೆನ್ನಿನಲ್ಲಿ. ಉಜ್ಜಿ ಹೊಳಪು ಕೊಡಬೇಡಿ, ಅಕ್ಷರ ಸವೆಯುತ್ತದೆ. ಸವೆದಿದ್ದರೆ ತೆಳು ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೆ ಮೂಡುತ್ತದೆ. ಬೆಳ್ಳಿಯದ್ದು ಕರಗಿಸಿ ಕಾಲುಂಗುರವಾದದ್ದೂ ಉಂಟು, ಆಗ ಕಂಚಿನದ್ದೇ ಗತಿ. ಅಂಗೈಯಗಲದ, 12 ಸೆಂಟಿಮೀಟರ್ ವ್ಯಾಸದ ಕಂಚಿನ ಬಿಲ್ಲೆ ಸಿಕ್ಕರೆ ಅದು ಸತ್ತವರ ಮನೆಗೆ ಮಾತ್ರ ಕಳಿಸುತ್ತಿದ್ದ ಸ್ಮರಣ ಫಲಕ. ಅದರಲ್ಲಿ ಬರೀ ಹೆಸರು ಇರುತ್ತದೆ. ಸಾವಿನಲ್ಲಿ ಎಲ್ಲರೂ ಸಮ ಎಂದು ದರ್ಜೆಯನ್ನು ಬೇಕೆಂದೇ ಬಿಟ್ಟರು. ಆಶಯ ಒಳ್ಳೆಯದೇ, ಹುಡುಕುವವರಿಗೆ ಮಾತ್ರ ಕಷ್ಟ. ಇನ್ನು ನಂಬರು ಸಿಕ್ಕಿತೆಂದು ಅದೊಂದನ್ನೇ ನಂಬಬೇಡಿ. ಮೊದಲ ಯುದ್ಧದಲ್ಲಿ ಭಾರತದ ಸಿಪಾಯಿಗಳಿಗೆ ನಂಬರು ಕೊಡುತ್ತಿದ್ದದ್ದು ಆಯಾ ಪಲ್ಟನ್. 1685 ಎಂಬ ಒಂದೇ ನಂಬರು ಹತ್ತು ಪಲ್ಟನ್ನಿನಲ್ಲಿ ಹತ್ತು ಜನರಿಗೆ ಇರಬಹುದು. ನಂಬರಿನ ಜೊತೆ ಪಲ್ಟನ್, ಪಲ್ಟನ್ನಿನ ಜೊತೆ "ಯಾವ ದೇಶದ ಪಡೆ" ಎಂಬ ಖಾನೆಯಲ್ಲಿ ಭಾರತ. ಈ ಮೂರೂ ಸೇರಿದರೆ ಫಲಿತಾಂಶ ಒಂದು ಪುಟಕ್ಕೆ ಇಳಿಯುತ್ತದೆ.

ಪಲ್ಟನ್ನಿನ ಹೆಸರಿನಲ್ಲಿ ಎಡವುವವರೇ ಹೆಚ್ಚು. 1922ರಲ್ಲಿ ಭಾರತೀಯ ಸೇನೆಯ ಹೆಚ್ಚಿನ ಪಲ್ಟನ್‌ಗಳಿಗೆ ಹೊಸ ಸಂಖ್ಯೆ, ಹೊಸ ಹೆಸರು ಬಂತು. ಮೊದಲ ಯುದ್ಧದ ದಾಖಲೆಗಳು ಹಳೆಯ ಹೆಸರಿನಲ್ಲಿವೆ, ಎರಡನೆಯದರವು ಹೊಸದರಲ್ಲಿ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರಿಂಗ್ ದಳ ಮೊದಲ ಯುದ್ಧದಲ್ಲಿ "ಎರಡನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್". ಬೆಂಗಳೂರಿನ ಬ್ರಿಗೇಡ್ ರಸ್ತೆಯ ಸ್ಮಾರಕ ಕಂಬ ನೆನೆಯುವ ಮದ್ರಾಸ್ ಪಯನೀರ್‌ಗಳನ್ನು 61, 64, 81 ಎಂಬ ಸಂಖ್ಯೆಗಳಡಿ ಹುಡುಕಬೇಕು. ಆ ದಳ 1933ರಲ್ಲೇ ವಿಸರ್ಜನೆಯಾದ್ದರಿಂದ ಎರಡನೇ ಯುದ್ಧದ ಪಟ್ಟಿಯಲ್ಲಿ ಆ ಹೆಸರಿನಲ್ಲಿ ಸಿಗುವುದಿಲ್ಲ. ಬೆಳಗಾವಿ, ಧಾರವಾಡದ ಕಡೆಯವರು ಮರಾಠಾ ಎಂದು ಈಗಿನಂತೆ ಬರೆದರೆ ಕೈಗೆ ಏನೂ ಸಿಗದು. ಎಂ ಎ ಎಚ್ ಆರ್ ಎ ಟಿ ಟಿ ಎ: ನಡುವೆ ಒಂದು ಎಚ್, ಎರಡು ಟಿ. ಎರಡೂ ಯುದ್ಧಗಳಿಗೆ ಇದೇ. ಮೊದಲ ಯುದ್ಧಕ್ಕೆ ಇದರ ಜೊತೆ ಸಂಖ್ಯೆಯೂ ಬೇಕು: 103, 105, 110, 114, 116, 117. ಇವುಗಳಲ್ಲಿ 103, 110, 117 ಮೂರೂ ಮೆಸೊಪೊಟೇಮಿಯಾದ (ಈಗಿನ ಇರಾಕ್) ಕುತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಕೊಂಡು, 1916ರ ಏಪ್ರಿಲ್ 29ರಂದು ಶರಣಾದ ಸುಮಾರು 13,000 ಜನರಲ್ಲಿದ್ದವು. ಆದ್ದರಿಂದ ಈ ಪಲ್ಟನ್‌ಗಳವರ ಸಾವಿನ ತಾರೀಕು ಆ ದಿನದ ನಂತರದ್ದಾಗಿದ್ದರೆ, ಅದು ಗುಂಡೇಟಿನದ್ದಲ್ಲ, ಸೆರೆಯಲ್ಲಿ ನಡೆದು ಹಸಿದು ಬಿದ್ದದ್ದಿರಬಹುದು ಎಂಬ ಅನುಮಾನ ಮೊದಲು ಬರಬೇಕು. ದಾಖಲೆ ತಾನಾಗಿ ಇದನ್ನು ಹೇಳದು. ಸಾವಿನ ಕಾರಣಕ್ಕೆ ಅಲ್ಲಿ ಖಾನೆಯೇ ಇಲ್ಲ.

ಊರಿನಿಂದ ಹುಡುಕುವುದಾದರೆ "ಹೆಚ್ಚುವರಿ ಮಾಹಿತಿ" ಎಂಬ ಖಾನೆ ಇದೆ. ಇಂಥವರ ಮಗ, ಇಂಥವಳ ಗಂಡ, ಇಂಥ ಹಳ್ಳಿ, ಇಂಥ ತಾಲ್ಲೂಕು ಎಂಬ ವಿವರ ಇದ್ದರೆ ಇಲ್ಲಿರುತ್ತದೆ. ಹಳ್ಳಿಯ ಹೆಸರು ಬರೆಯಬೇಡಿ, ಅದರ ಕಾಗುಣಿತ ಹಾಳಾಗಿಯೇ ಇರುತ್ತದೆ. ಜಿಲ್ಲೆಯ ಹೆಸರು ಬರೆಯಿರಿ, ಅದೂ ಆ ಕಾಲದ್ದು. ಚಿತ್ರದುರ್ಗಕ್ಕೆ ಚಿತಲ್‌ಡ್ರೂಗ್, ಮಡಿಕೇರಿಗೆ ಮರ್ಕಾರಾ, ಕೊಡಗಿಗೆ ಕೂರ್ಗ್, ಧಾರವಾಡಕ್ಕೆ ಧಾರ್ವಾರ್, ಬಳ್ಳಾರಿಗೆ ಬೆಲ್ಲಾರಿ, ಮಂಗಳೂರು ಕಡೆಗೆ ಸೌತ್ ಕೆನರಾ. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ. ಮಂಡ್ಯ ಜಿಲ್ಲೆಯಾದದ್ದೇ 1939ರಲ್ಲಿ. ಹಾಗಾಗಿ ಮೊದಲ ಯುದ್ಧದ ಮಂಡ್ಯದವರು ಮೈಸೂರಿನವರಾಗಿರುತ್ತಾರೆ. ಫಲಿತಾಂಶ ಬಂದ ಮೇಲೆ ಹಳ್ಳಿಯ ಹೆಸರನ್ನು ಕಣ್ಣಿನಿಂದ ನೋಡದೆ ಗಟ್ಟಿಯಾಗಿ ಓದಿ. ಕಣ್ಣು ಗುರುತಿಸದ ಊರನ್ನು ಕಿವಿ ಗುರುತಿಸುತ್ತದೆ.

ಮುತ್ತಜ್ಜ ಬಂದೂಕು ಹಿಡಿದಿರಲೇಬೇಕೆಂದಿಲ್ಲ. ಹೇಸರಗತ್ತೆ ನಡೆಸಿದವರು, ನೀರು ಹೊತ್ತವರು, ಅಡುಗೆಯವರು, ದೋಬಿ, ಜಾಡಮಾಲಿ, ಸ್ಟ್ರೆಚರ್ ಹೊರುವವರು, ಕೂಲಿ ದಳದವರು, ಎಲ್ಲ ಬಗೆಯವರೂ ಈ ಪಟ್ಟಿಯಲ್ಲಿದ್ದಾರೆ. ದರ್ಜೆಯ ಖಾನೆಯಲ್ಲಿ ಸಿಪಾಯಿ ಎಂದಷ್ಟೇ ಹುಡುಕಿ ಕೈಬಿಟ್ಟವರು ಫಾಲೋವರ್, ಡ್ರೈವರ್, ಲೇಬರರ್, ಕುಕ್ ಎಂದೂ ನೋಡಿ. ಇಲ್ಲಿ ಡ್ರೈವರ್ ಎಂದರೆ ಬಹುಮಟ್ಟಿಗೆ ಲಾರಿಯಲ್ಲ, ಹೇಸರಗತ್ತೆ. ಮನೆಯಲ್ಲಿ "ಮಿಲಿಟರಿಯಲ್ಲಿದ್ದರು" ಎಂದಷ್ಟೇ ಹೇಳುತ್ತಾ ಬಂದದ್ದರ ಹಿಂದೆ ಈ ಕೆಲಸಗಳ ಬಗೆಗಿನ ಸಂಕೋಚವೂ ಇದ್ದಿರಬಹುದು. ಸಾವಿಗೆ ಆ ಸಂಕೋಚವಿರಲಿಲ್ಲ.

ಹೆಸರು ಸಿಕ್ಕಿತು ಅನ್ನಿ. ಅದರ ಮುಂದಿನ ಸಂಕೇತ ಓದುವುದು ಸುಲಭ. "II. ಬಿ. 14" ಎಂದರೆ ಎರಡನೇ ವಿಭಾಗ, ಬಿ ಸಾಲು, ಹದಿನಾಲ್ಕನೇ ಸಮಾಧಿ. ಪ್ಯಾನೆಲ್, ಫೇಸ್, ಕಾಲಮ್ ಎಂದಿದ್ದರೆ ಸಮಾಧಿ ಇಲ್ಲ, ಗೋಡೆಯಲ್ಲೋ ಕಂಬದಲ್ಲೋ ಹೆಸರಿದೆ. ನಮ್ಮವರಲ್ಲಿ ಹೆಚ್ಚಿನವರು ಈ ಎರಡನೇ ಬಗೆ. ದೇಹ ಸಿಗದಿರುವುದೊಂದೇ ಅದಕ್ಕೆ ಕಾರಣವಲ್ಲ. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಕಡೆ ಸಮಾಧಿಯ ಪ್ರಶ್ನೆಯೇ ಬರದು. ಕೊಹಿಮಾದ ಸ್ಮಶಾನಕ್ಕೆ ಹೋದರೆ ಕಲ್ಲುಗಳ ಸಾಲಿನಲ್ಲಿ ಹುಡುಕಬೇಡಿ, ಅಲ್ಲಿರುವ ದಹನ ಸ್ಮಾರಕ ನೋಡಿ, 917 ಹೆಸರಿವೆ. ಬರ್ಮಾದಲ್ಲಿ ಕಾಣೆಯಾದವರು ತಾಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ, ಸುಮಾರು 27,000 ಹೆಸರುಗಳ ನಡುವೆ. ಮಲಯಾ, ಸಿಂಗಾಪುರದವರು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ. ಮೈಸೂರು ಸಂಸ್ಥಾನದ ಪದಾತಿದಳ 1942ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲೇ ಇತ್ತು, ಆ ಮನೆಗಳವರು ಮೊದಲು ಕ್ರಾಂಜಿಯ ಕಾಲಮ್‌ಗಳನ್ನು ನೋಡುವುದು ಒಳ್ಳೆಯದು. "ದೆಹಲಿ/ಕರಾಚಿ 1939-1945 ಸ್ಮಾರಕ" ಎಂದು ಬಂದರೆ ಗಾಬರಿ ಬೇಡ, ಅವರು ಪಾಕಿಸ್ತಾನದಲ್ಲಿ ಸತ್ತರೆಂದು ಅರ್ಥವಲ್ಲ. ಯುದ್ಧರಂಗದಿಂದ ದೂರ ಕೆಲಸದಲ್ಲಿದ್ದಾಗ ಸತ್ತು ಸಮಾಧಿಯ ಗುರುತಿಲ್ಲದ, ಅವಿಭಜಿತ ಭಾರತದ 25,000ಕ್ಕೂ ಹೆಚ್ಚು ಜನರ ಹೆಸರು ಎರಡೂ ಊರುಗಳ ಯುದ್ಧ ಸ್ಮಶಾನಗಳಲ್ಲಿ ಪುಸ್ತಕ ರೂಪದಲ್ಲಿದೆ. ಗೋಡೆಗೆ ಕೈಯಿಟ್ಟು ಹೆಸರು ಮುಟ್ಟುವ ಆಸೆಯಿಂದ ದೆಹಲಿಗೆ ಹೋದವರಿಗೆ ಅಲ್ಲಿ ಸಿಗುವುದು ಪುಟ.

ಬಸ್ರಾ ಎಂದು ಬಂದರೆ ಕಥೆ ಬೇರೆ, ಈ ಸೇವೆಯ ನಿಜವಾದ ಬೆಲೆ ಗೊತ್ತಾಗುವುದೂ ಅಲ್ಲೇ. ಮೆಸೊಪೊಟೇಮಿಯಾದಲ್ಲಿ ಸತ್ತು ಸಮಾಧಿಯಿಲ್ಲದ 40,000ಕ್ಕೂ ಹೆಚ್ಚು ಜನರಿಗೆ ಬಸ್ರಾ ಸ್ಮಾರಕ ಕಟ್ಟಿದರು. ಬಿಳಿಯರೆಲ್ಲರ ಹೆಸರು, ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ಸಾಮಾನ್ಯ ಸಿಪಾಯಿಗಳ ಸರದಿ ಬಂದಾಗ ಪಲ್ಟನ್ನಿನ ಹೆಸರು ಬರೆದು, ಮುಂದೆ ಇಷ್ಟು ಜನ ಎಂದು ಸಂಖ್ಯೆ ಹಾಕಿದರು. ಹೆಸರು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದರಿಂದಲೇ ಇವತ್ತು ಅವರಲ್ಲಿ ಎಷ್ಟೋ ಜನ ಪರದೆಯ ಮೇಲೆ ಹೆಸರು ಸಮೇತ ಸಿಗುತ್ತಾರೆ. ದಾಖಲೆಯಲ್ಲಿರುವ ಪ್ಯಾನೆಲ್ ಸಂಖ್ಯೆ ಪಲ್ಟನ್ನಿನದ್ದು, ಅಲ್ಲಿ ಹೋಗಿ ನೋಡಿದರೆ ಅವರಿಲ್ಲ. ಹೋಗುವುದೂ ಸುಲಭವಲ್ಲ: 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಇಡೀ ಸ್ಮಾರಕವನ್ನು ಬಿಚ್ಚಿ ಬಸ್ರಾದಿಂದ 32 ಕಿಲೋಮೀಟರ್ ಆಚೆ ನಾಸಿರಿಯಾ ರಸ್ತೆಯಲ್ಲಿ, ಕೊಲ್ಲಿ ಯುದ್ಧ ನಡೆದ ಮರಳಿನಲ್ಲಿ ಮತ್ತೆ ನಿಲ್ಲಿಸಿದರು. ಒಂದು ಯುದ್ಧದ ಸ್ಮಾರಕ ಇನ್ನೊಂದು ಯುದ್ಧದ ಬಯಲಿನಲ್ಲಿ.

ನಮ್ಮ ಕಡೆ ಇದಕ್ಕೆ ಬೇರೆ ಅಳತೆಗೋಲು ಇತ್ತು. ಹಳ್ಳಿಯ ಗದ್ದೆ ಬದಿಯ ವೀರಗಲ್ಲು ಸತ್ತವನ ಹೆಸರು ಹೇಳುತ್ತದೆ, ತುರುವಿಗಾಗಿಯೋ ಊರಿಗಾಗಿಯೋ ಎಂದು ಕಾರಣ ಹೇಳುತ್ತದೆ, ಕಲ್ಲು ನಿಲ್ಲಿಸಿದವರು ಯಾರೆಂದೂ ಎಷ್ಟೋ ಸಲ ಹೇಳುತ್ತದೆ. ಮಂಡ್ಯ ಸೀಮೆಯ ಆತಕೂರಿನ ಕ್ರಿ.ಶ. 949ರ ಶಾಸನವಂತೂ ಮಣಲೇರ ಎಂಬ ವೀರನ, ಹಂದಿಯೊಡನೆ ಕಾದಾಡಿ ಸತ್ತ ನಾಯಿಯನ್ನೂ ಕಾಳಿ ಎಂದು ಹೆಸರಿಟ್ಟು ಕರೆಯುತ್ತದೆ. ಸಾವಿರ ವರ್ಷದ ನಂತರ ಅದೇ ನೆಲದ ಗಂಡಸರನ್ನು ಸಂಖ್ಯೆಯಲ್ಲಿ ಬರೆದರು ಎಂದರೆ ಅದನ್ನು ಕಲ್ಲಿನ ಅಭಾವ ಅನ್ನಲಾಗದು.

ಇದನ್ನು ಆಯೋಗವೂ ಅಲ್ಲಗಳೆಯುವುದಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು. 2021ರ ಏಪ್ರಿಲ್‌ನಲ್ಲಿ ಅದು ನೇಮಿಸಿದ್ದ ಸಮಿತಿಯೇ ವರದಿ ಕೊಟ್ಟಿತು: ಮೊದಲ ಯುದ್ಧದ 45,000ದಿಂದ 54,000 ಜನರ ಸ್ಮರಣೆ ಅಸಮಾನವಾಗಿ ನಡೆದಿದೆ, ಇನ್ನು ಕನಿಷ್ಠ 1,16,000, ಬಹುಶಃ 3,50,000ದಷ್ಟು ಜನರಿಗೆ ಹೆಸರಿನ ಗುರುತೇ ಇಲ್ಲ, ಅಥವಾ ಯಾವ ಗುರುತೂ ಇಲ್ಲ. ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ ಹೊರೆಯಾಳುಗಳು, ಸೈನಿಕರು. ಆಯೋಗ ಕ್ಷಮೆ ಕೇಳಿತು, ಬಿಟ್ಟುಹೋದ ಹೆಸರುಗಳನ್ನು ಹುಡುಕಿ ಸೇರಿಸುತ್ತಿದೆ. ಹಾಗಾಗಿ ಹಿಂದೊಮ್ಮೆ ಹುಡುಕಿ "ಇಲ್ಲ" ಎಂದು ಎದ್ದುಹೋದವರು ಮತ್ತೆ ಕೂರುವುದರಲ್ಲಿ ಅರ್ಥವಿದೆ. ಬೆಂಗಳೂರು ಬ್ರಿಗೇಡ್ ಎಂದೇ ಹೆಸರಾಗಿದ್ದ ತುಕಡಿ 1914ರ ನವೆಂಬರ್ ಮೊದಲ ವಾರ ಪೂರ್ವ ಆಫ್ರಿಕಾದ ಟಾಂಗಾದ ಕಡಲತೀರದಲ್ಲಿ ಇಳಿದು ಸೋತಿತ್ತು. ಪೂರ್ವ ಆಫ್ರಿಕಾದ ಎಳೆ ಇರುವ ಮನೆಗಳು ನಮ್ಮಲ್ಲೂ ಇವೆ.

ಯಾರು ಪಟ್ಟಿಗೆ ಸೇರುತ್ತಾರೆ ಎಂಬುದಕ್ಕೆ ತಾರೀಕಿನ ಬೇಲಿ ಇದೆ, ಇದನ್ನು ಮೊದಲೇ ತಿಳಿದರೆ ಅರ್ಧ ದಿನ ಉಳಿಯುತ್ತದೆ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31. ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಈ ಅವಧಿಯಲ್ಲಿ ಸೇವೆಯಲ್ಲಿದ್ದು ಸತ್ತವರೆಲ್ಲ, ಜ್ವರವೋ ಅಪಘಾತವೋ ಗುಂಡೋ, ಲೆಕ್ಕಕ್ಕೆ ಬರುತ್ತಾರೆ. ಬಿಡುಗಡೆಯಾಗಿ ಮನೆಗೆ ಬಂದವರು ಮಾತ್ರ ಸೇವೆಯಿಂದಾದ ಗಾಯ ಅಥವಾ ಕಾಯಿಲೆಯಿಂದಲೇ, ಇದೇ ಅವಧಿಯೊಳಗೆ ಸತ್ತಿರಬೇಕು. ಶ್ವಾಸಕೋಶ ಹಾಳುಮಾಡಿಕೊಂಡು ಬಂದು ಜಗಲಿಯ ಮೇಲೆ ಕೆಮ್ಮುತ್ತಾ 1922ರಲ್ಲಿ ತೀರಿಕೊಂಡವರಿಗೆ ಇಲ್ಲಿ ಜಾಗವಿಲ್ಲ. ಯುದ್ಧದಲ್ಲಿ ಸತ್ತವರ ಸಂಖ್ಯೆ ಎಂದು ಪುಸ್ತಕಗಳಲ್ಲಿ ಓದುವುದು, ಭಾರತಕ್ಕೆ ಮೊದಲ ಯುದ್ಧದಲ್ಲಿ ಸುಮಾರು 74,000, ಎರಡನೆಯದರಲ್ಲಿ ಸುಮಾರು 87,000, ಇಂಥ ಬೇಲಿಯ ಒಳಗಿನ ಸಂಖ್ಯೆ. ಸ್ವತಂತ್ರ ಭಾರತದ ಯುದ್ಧಗಳಿಗೆ ಈ ಪುಟ ಕೆಲಸಕ್ಕೆ ಬಾರದು. 1947-48ರ ಕಾಶ್ಮೀರ ಯುದ್ಧದಿಂದ ಈಚಿನವರಿಗೆ 2019ರ ಫೆಬ್ರವರಿ 25ರಂದು ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಬೇಕು. ಅಲ್ಲಿನ ತ್ಯಾಗ ಚಕ್ರದ 16 ಗೋಡೆಗಳಲ್ಲಿ ಆರಂಭದ ದಿನ 25,942 ಹೆಸರಿದ್ದವು, ಅಧಿಕಾರಿ ಜವಾನ ಎಂಬ ಭೇದವಿಲ್ಲದೆ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ.

ಈ ಸೇವೆಯ ಅತ್ಯುತ್ತಮ ಅಂಗ, ಹೆಚ್ಚಿನವರು ಗಮನಿಸದೇ ಬಿಡುವುದು, ಫಲಿತಾಂಶವನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳುವ ಸೌಕರ್ಯ. ಒಂದು ಪಲ್ಟನ್ ಪೂರ್ತಿ ಇಳಿಸಿಕೊಂಡು ಸಾವಿನ ತಾರೀಕಿನ ಪ್ರಕಾರ ಜೋಡಿಸಿ. ಒಂದೇ ದಿನ ಐವತ್ತು ಹೆಸರು ಬಂದರೆ ಅದು ಕದನ. ತಿಂಗಳಿಡೀ ದಿನಕ್ಕೊಂದು ಎರಡು ಬಂದರೆ ಕಾಯಿಲೆ. 1918ರ ಅಕ್ಟೋಬರ್, ನವೆಂಬರ್‌ನಲ್ಲಿ ಹಾಗೆ ಕಂಡರೆ ಇನ್‌ಫ್ಲುಯೆಂಜಾ ಎಂದು ಸಂಶಯಿಸಬಹುದು. 1918ರ ನವೆಂಬರ್ 11ರ ನಂತರವೂ ಹಾಳೆ ಮುಗಿಯುವುದಿಲ್ಲ, ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತದೆ. ವಯಸ್ಸಿನ ಖಾನೆ ನಮ್ಮವರಲ್ಲಿ ಬಹುತೇಕ ಖಾಲಿ. ಬ್ರಿಟಿಷ್ ಪಲ್ಟನ್ನಿನ ಹಾಳೆಯನ್ನು ಪಕ್ಕದಲ್ಲಿಟ್ಟರೆ ಅಲ್ಲಿ ಅದು ಹೆಚ್ಚಾಗಿ ತುಂಬಿದೆ, ತಂದೆ ತಾಯಿಯ ವಿಳಾಸವೂ ಇದೆ. ಅಲ್ಲಿಯ ಮನೆಗಳಿಗೆ ವಿವರ ಪರಿಶೀಲನೆಯ ಫಾರಂ ಹೋಗುತ್ತಿತ್ತು.

ಅಂಕ ಕೊಡಲೇಬೇಕೆಂದರೆ ಎರಡನೇ ಯುದ್ಧದ ಭಾರತೀಯ ದಾಖಲೆಗಳಿಗೆ ಐದಕ್ಕೆ ನಾಲ್ಕು, ಮೊದಲನೆಯದಕ್ಕೆ ಎರಡೂವರೆ. ಪುಟವೆಲ್ಲ ಇಂಗ್ಲಿಷ್, ಕನ್ನಡದಲ್ಲಿ ಹುಡುಕಲು ಆಗದು, ಕಾಗುಣಿತದ ಹತ್ತಿರದ ರೂಪಗಳನ್ನು ತಾನಾಗಿ ಊಹಿಸುವ ಜಾಣತನ ನಮ್ಮ ಹೆಸರುಗಳ ಮಟ್ಟಿಗೆ ಸಾಲದು. ಸ್ಮರಣ ಪ್ರಮಾಣಪತ್ರ ಉಚಿತವಾಗಿ ಇಳಿಸಿಕೊಳ್ಳಬಹುದು, ಆದರೆ ತಪ್ಪು ಕಾಗುಣಿತದಲ್ಲೇ ಅದನ್ನು ಅಚ್ಚು ಹಾಕಿ ಚೌಕಟ್ಟು ಕಟ್ಟಿಸಬೇಡಿ. ತಿದ್ದುಪಡಿಗೆ ಬರೆಯುವಾಗ ಮನೆಯವರ ಮಾತು ಸಾಲದು, ಕಾಗದ ಬೇಕು: ಪದಕದ ಅಂಚಿನ ಸ್ಪಷ್ಟ ಫೋಟೊ, ಪಿಂಚಣಿ ಪತ್ರ, ಡಿಸ್ಚಾರ್ಜ್ ಪುಸ್ತಕ, ಆ ಕಾಲದ ಪತ್ರ. ಎಲ್ಲದರಲ್ಲೂ ನಂಬರು ಕಾಣುವಂತಿರಲಿ, ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ಕಂಪ್ಯೂಟರಿಗಿಂತ ಮೊದಲು ಕಾಲು ಬೇಕು. ದಕ್ಷಿಣದ ಎಷ್ಟೋ ಹಳ್ಳಿಗಳಲ್ಲಿ, ಶಾಲೆಯ ಗೋಡೆಯಲ್ಲೋ ಚಾವಡಿಯಲ್ಲೋ, 1914-1919ರ ಮಹಾಯುದ್ಧಕ್ಕೆ ಈ ಗ್ರಾಮದಿಂದ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಬರೆದ ಚಿಕ್ಕ ಚಪ್ಪಡಿ ಇರುತ್ತದೆ. ಅಲ್ಲೂ ಸಂಖ್ಯೆಯೇ, ಹೆಸರಿಲ್ಲ. ಸುಣ್ಣ ಬಳಿದು ಮುಚ್ಚಿಹೋಗಿದ್ದರೆ ನೀರು ಹಾಕಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ, ತಂತಿ ಬ್ರಷ್ ಬೇಡ, ಆಸಿಡ್ ಬೇಡವೇ ಬೇಡ. ಸಂಖ್ಯೆ ಬರೆದುಕೊಳ್ಳಿ. ನಂತರ ಹೆಚ್ಚುವರಿ ಮಾಹಿತಿಯ ಖಾನೆಯಲ್ಲಿ ಜಿಲ್ಲೆ ಹಾಕಿ, ಬಂದ ಪಟ್ಟಿಯಲ್ಲಿ ನಿಮ್ಮೂರಿನ ಸದ್ದಿರುವ ಹೆಸರುಗಳನ್ನು ಎಣಿಸಿ. ಚಪ್ಪಡಿ ಐದು ಅನ್ನುತ್ತದೆ, ಪರದೆ ಮೂವರನ್ನು ಕೊಡುತ್ತದೆ ಎಂದುಕೊಳ್ಳಿ. ಉಳಿದಿಬ್ಬರಿಗಾಗಿ ಊರಿನ ಹಿರಿಯರನ್ನು ಕೇಳಬೇಕು, ಅವರು ಇರುವಾಗಲೇ.